ಏಳನೆಯ ಕಂತಿನ ಕೈ

ಹಿರೇಕೆರೂರು
16-3-1988

ಇಸಾಕ್,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಹೇಳುವ ಮನಸ್ಸೂ ಇಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಸಂಕ್ರಾಂತಿಯ ಸುಮಾರಿಗೆ ನೀನು ಮುಂಬಯಿಯಿಂದ ಬರೆದ ಪತ್ರ ನನ್ನ ಮುಂದೆಯೇ ಇದೆ. ಸವಣೂರಿನ ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜು ತೆಗೆಯುತ್ತ ಕುಳಿತಿದ್ದ ನಿನ್ನನ್ನು ಧಾರಾವಾಹಿ ಕಂಪನಿಯವರು ಜೊತೆಗೇ ಕರೆದುಕೊಂಡು ಹೋದದ್ದು, ‘ಕಂಟಿನ್ಯುಟಿ’ ಎಂಬ ಕೆಲಸ ಕೊಟ್ಟದ್ದು ಎಲ್ಲ ಬರೆದಿದ್ದೆ. ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಚೊಂಬು ಮುಂದಿನ ಶಾಟಿನಲ್ಲಿ ಬಲಗೈಗೆ ಹೋಗಬಾರದು, ಅದಕ್ಕಾಗಿ ಪ್ರತಿ ಶಾಟಿನ ಫೋಟೋ ತೆಗೆದಿಟ್ಟು ಕಾಯುವವನು ನಾನು, ತಪ್ಪಾದರೆ ಅದು ನನ್ನ ತಪ್ಪು ಎಂದು ಹೆಮ್ಮೆಯಿಂದ ಬರೆದಿದ್ದೆ. ಆ ಕೊನೆಯ ಮಾತಿನ ಕೆಳಗೆ ಇವತ್ತು ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದೇನೆ.

ನಿಮ್ಮ ‘ಪುರಾನಾ ಆಂಗನ್’ ಧಾರಾವಾಹಿ ಶುರುವಾದಾಗಿನಿಂದ ನಾನು ಪ್ರತಿ ಶನಿವಾರ ಶಾಲೆ ಮುಗಿಸಿ, ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಪಂಚಾಯ್ತಿ ಕಟ್ಟೆಯ ಮೇಲೆ ಟೀವಿ ಇಡುತ್ತಾರೆ. ನಮ್ಮೂರ ಧಣಿಯ ವಾಡೆಯನ್ನೇ ಉತ್ತರದ ಕಡೆಯ ಹವೇಲಿ ಮಾಡಿ ತೋರಿಸುತ್ತಾರೆಂದು ಇಡೀ ಊರು ಅಲ್ಲಿ ಸೇರುತ್ತಿತ್ತು. ನಮ್ಮ ಓಣಿಯವರು ಕಟ್ಟೆಯ ಕೆಳಗೆ ನಿಂತು. ಹಿಂದಿ ಯಾರಿಗೂ ಬಾರದು. ಸೈಕಲ್ ಅಂಗಡಿಯ ಹುಸೇನಸಾಬರು ನಡುನಡುವೆ ಅರ್ಥ ಹೇಳುತ್ತಾರೆ, ಉಳಿದ ಹೊತ್ತೆಲ್ಲ ಜನ ಕಣ್ಣಿಟ್ಟು ನೋಡುತ್ತಾರೆ. ಮಾತು ತಿಳಿಯದವರ ಕಣ್ಣಿಗೆ ಎಲ್ಲ ಬೀಳುತ್ತದೆ. ನೂರು ವರ್ಷದ ಹಿಂದಿನ ಕಥೆಯಲ್ಲಿ ಲೆಕ್ಕ ಬರೆಯುವ ಮುನ್ಶಿಯ ಮುಂಗೈಗೆ ಗಡಿಯಾರ ಇತ್ತು. ಮುಂಜಾನೆ ಮೇಯಲು ಹೋದ ಎಮ್ಮೆಗೆ ಒಂದು ಕೋಡು ಮುರಿದಿತ್ತು, ಸಂಜೆ ಬಂದ ಎಮ್ಮೆಗೆ ಎರಡೂ ಇದ್ದವು. ಮನೆಯ ಯಜಮಾನನ ಮೀಸೆ ಊಟಕ್ಕೆ ಕೂತಾಗ ದಪ್ಪ, ಕೈ ತೊಳೆಯುವಾಗ ತೆಳ್ಳಗೆ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನನ್ನ ಗೆಳೆಯನ ಕೆಲಸ ಎಂದು ಯಾರಿಗೂ ಹೇಳಲಿಲ್ಲ.

ಮೊನ್ನೆ ಏಳನೆಯ ಕಂತು. ಕಥೆಯ ಸೊಸೆ ವಾಡೆಯ ಅಂಗಳದ ಬಾವಿಯಿಂದ ನೀರು ಸೇದುತ್ತಾಳೆ. ಮೊದಲು ಬೆನ್ನು. ಆಮೇಲೆ ಹಗ್ಗ ಹಿಡಿದ ಕೈ, ಪರದೆಯ ತುಂಬ. ಮುಂಗೈಯ ಮೇಲೆ ಹಸಿರು ಹಚ್ಚೆ. ಕನ್ನಡದ ಅಕ್ಷರಗಳು. ನಾನು ಶಿಕ್ಷಕರ ತರಬೇತಿಗೆ ಹೋದ ವರ್ಷ, ಅಣ್ಣ ಮನೆಯಲ್ಲಿಲ್ಲವೆಂದು ಅತ್ತು, ನನ್ನ ತಂಗಿ ಶೇಖವ್ವ ಹುಲಗೂರ ದರ್ಗಾದ ಮುಂದೆ ಹಾಕಿಸಿಕೊಂಡು ಬಂದಳಲ್ಲ, ಅದೇ.

ಓದಿದವರು ಯಾರು ಗೊತ್ತೇ? ನಮ್ಮ ಓಣಿಯ ಚೌಡವ್ವ. ವಯಸ್ಕರ ಶಾಲೆಯಲ್ಲಿ ಎರಡು ವರ್ಷ ಆಕೆಗೆ ಅಕ್ಷರ ತಿದ್ದಿಸಿದವನು ನಾನೇ. ಕಟ್ಟೆಯ ಅಂಚು ಹಿಡಿದು, ಬೆರಳು ತೋರಿಸಿ, ತರಗತಿಯಲ್ಲಿ ಓದಿದ ಹಾಗೆಯೇ ಓದಿದಳು.

“ಮೈ... ಲಾ... ರಿ. ಮೈಲಾರಿ! ಅಯ್ಯ ನಮ್ಮವ್ವ, ಇದು ನಮ್ಮ ಶೇಖಿ ಕೈಯಲ್ಲೇನ!”

ಮುಂದಿನ ಶಾಟಿನಲ್ಲಿ ಆ ನಟಿಯ ತೋಳು, ಸುಲಿದ ಬಾಳೆದಿಂಡಿನ ಹಾಗೆ ಬೆಳ್ಳಗೆ. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ವಾಡೆಯ ಧಣಿ ತಿರುಗಿ ನಮ್ಮ ಕಡೆ ನೋಡಿದರು. ಶೇಖಿ ಮೊಣಕೈವರೆಗೆ ಸೆರಗು ಸುತ್ತಿಕೊಂಡು ನಿಂತಿದ್ದಳು.

ಆ ಬಾವಿಯನ್ನು ನಮ್ಮವರು ಮುಟ್ಟಿದವರಲ್ಲ. ನಾವು ಕುಡಿಯುವುದು ಹಳ್ಳದ ವರತೆಯ ನೀರು. ಅದು ನಿನಗೆ ಗೊತ್ತು. ಗೊತ್ತಿದ್ದೂ ಅವಳಿಗೆ ನಟಿಯ ಸೀರೆ ಉಡಿಸಿ, ಮುಖಕ್ಕೆ ಸೆರಗು ಎಳೆಸಿ ಬಾವಿಕಟ್ಟೆ ಹತ್ತಿಸಿದೆ. ಹಚ್ಚೆ ಮುಚ್ಚುವುದು ನಿನ್ನ ಕೆಲಸವಾಗಿತ್ತು. ಅಷ್ಟೂ ನಿನ್ನಿಂದ ಆಗಲಿಲ್ಲ.

ಗೆಳೆಯ ಎಂದು ಸಹಿ ಮಾಡಲು ಕೈ ಬರುತ್ತಿಲ್ಲ.

ಮೈಲಾರಪ್ಪ


ಮುಂಬಯಿ
27-3-1988

ಮೈಲಾರಿ,

ನಿನ್ನ ಬೈಗುಳ ತಲುಪಿತು. ಅದಕ್ಕೆ ಮೊದಲೇ ಇಲ್ಲಿಯೂ ಹೊಟ್ಟೆ ತುಂಬ ತಿಂದಿದ್ದೇನೆ. ಇಲ್ಲಿನ ಪತ್ರಿಕೆಯೊಂದು ‘ಹವೇಲಿಯ ಸೊಸೆಗೆ ಮದ್ರಾಸಿ ಹಚ್ಚೆ’ ಎಂದು ಬರೆದು ಫೋಟೋ ಹಾಕಿತು. ಡೈರೆಕ್ಟರು ಆ ಪತ್ರಿಕೆಯನ್ನು ಸುರುಳಿ ಮಾಡಿ ನನ್ನ ಮುಖಕ್ಕೆ ಎಸೆದರು.

ನೀನೂ ಕೇಳು. ಆ ನಟಿ ಎರಡು ಕೊಡ ಸೇದುವಷ್ಟರಲ್ಲಿ ಅಂಗೈಗೆ ಬೊಬ್ಬೆ ಬಂದು ಕುಳಿತುಬಿಟ್ಟಳು. ತುಂಬಿದ ಹಿತ್ತಾಳೆ ಕೊಡವನ್ನು ತಡೆಯದೆ ಎಳೆಯುವ ಕೈ ಬೇಕೆಂದರು. ಲೈಟಿನ ಪೆಟ್ಟಿಗೆ ಹೊರುವ ಕೂಲಿಯವರಲ್ಲಿ ಶೇಖವ್ವ ಇದ್ದಳು. ನಾನು ಅವಳನ್ನು ತೋರಿಸಿದೆ, ಹೌದು. ಒಟ್ಟು ಒಂಬತ್ತು ಟೇಕು. ಪ್ರತಿ ಟೇಕಿಗೆ ಮೊದಲು ಹಚ್ಚೆಯ ಮೇಲೆ ಮೈಬಣ್ಣದ ಲೇಪ ಹಚ್ಚಿಸಿ, ಫೋಟೋ ತೆಗೆದು, ನಂಬರು ಬರೆದಿದ್ದೇನೆ. ಎಂಟು ಫೋಟೋ ಇವೆ. ಎಂಟರಲ್ಲೂ ಕೈ ಬರಿದಾಗಿದೆ. ಒಂಬತ್ತನೆಯ ಹೊತ್ತಿಗೆ ನನ್ನ ರೋಲು ಮುಗಿದಿತ್ತು. ಜೀಪಿನಿಂದ ಹೊಸದು ತರುವಷ್ಟರಲ್ಲಿ ಟೇಕು ಓಕೆ ಆಗಿತ್ತು. ಬೆವರಿಗೆ ಲೇಪ ಕರಗಿರಬೇಕು. ಎಡಿಟಿಂಗಿಗೆ ಕುಳಿತವರಲ್ಲಿ ಒಬ್ಬನಿಗೂ ಕನ್ನಡ ಬಾರದು. ಅಕ್ಷರಗಳನ್ನು ಹೂಬಳ್ಳಿ ಎಂದುಕೊಂಡರಂತೆ.

ತಪ್ಪು ನನ್ನದು, ಒಪ್ಪಿದೆ. ಆದರೆ ನೀನು ಒಂದು ಮಾತು ಬಿಟ್ಟು ಬರೆದಿದ್ದೀಯ. ಅವಳನ್ನು ಕರೆಯುವ ಮೊದಲು ನಾನು ನಿನ್ನನ್ನು ಕೇಳಿದ್ದೆ. ಆ ದಿನ ನೀನು ರಜೆಯ ಮೇಲೆ ಊರಲ್ಲಿದ್ದೆ, ಹಗ್ಗದ ಆಚೆ ಶೂಟಿಂಗ್ ನೋಡುತ್ತ ನಿಂತಿದ್ದೆ. ಏನಂದೆ ನೆನಪಿದೆಯೇ?

“ಮುಟ್ಲಿ ಬಿಡೋ. ಒಂದ ಸಲ ಆ ಬಾವಿ ನಮ್ಮಾಕಿ ಕೈಲೆ ಸೇದಿಸಿಕೊಳ್ಳಲಿ. ಯಾರಿಗೆ ಗೊತ್ತಾಕ್ಕೈತಿ?”

ಅಂದು ನಗುತ್ತಿದ್ದೆ. ನನಗಿಂತ ಹೆಚ್ಚು ಖುಷಿ ನಿನಗೇ ಆಗಿತ್ತು.

ಶೇಖವ್ವ ಹೇಗಿದ್ದಾಳೆ? ಅದನ್ನು ನಿನ್ನ ಪತ್ರದಲ್ಲಿ ಎರಡು ಸಲ ಹುಡುಕಿದೆ.

ಇಸಾಕ


ಹಿರೇಕೆರೂರು
6-4-1988

ಇಸಾಕ್,

ಹೇಗಿದ್ದಾಳೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ.

ವಾಡೆಯವರು ಎರಡು ದಿನ ಎಂಜಿನ್ ಹಚ್ಚಿ ಬಾವಿಯ ನೀರು ಖಾಲಿ ಮಾಡಿಸಿದರು. ಕೆಸರು ತೆಗೆಸಿ, ಹೋಮ ಮಾಡಿಸಿದರು. ಆ ಕೆಸರು ಹೊರಲು ನಮ್ಮ ಓಣಿಯವರನ್ನೇ ಕರೆದರು ಎಂದರೆ ನೀನು ನಂಬುವುದಿಲ್ಲ. ಯಾರೂ ಹೋಗಲಿಲ್ಲ. ಅದಕ್ಕೂ ಸಿಟ್ಟು. ಶೇಖಿಯ ಗಂಡ ಉಡಚಪ್ಪ ಹತ್ತು ವರ್ಷದಿಂದ ವಾಡೆಯ ಹೊಲದಲ್ಲಿ ದುಡಿದವನು, ನನ್ನ ಸೋದರತ್ತೆಯ ಮಗ, ನಿನಗೆ ಗೊತ್ತಿರುವವನೇ. ಅವನನ್ನು ಬರಬೇಡ ಎಂದರು. ಹಿಟ್ಟಿನ ಗಿರಣಿಯಲ್ಲಿ ನಮ್ಮ ಓಣಿಯ ಜೋಳ ಬೀಸುತ್ತಿಲ್ಲ. ಬುಟ್ಟಿ ಹೊತ್ತು ಆಡೂರಿಗೆ ನಡೆದು ಹೋಗಿ ಬೀಸಿಸಿಕೊಂಡು ಬರುತ್ತಿದ್ದಾರೆ. ನಮ್ಮವರೇ ಕೆಲವರು ಶೇಖಿಯ ಮನೆಯ ಮುಂದೆ ನಿಂತು ಬೈದು ಹೋದರು. ಚೌಡವ್ವ ಪಾಪ, ಓದಬಾರದಿತ್ತು, ಓದು ಬಂದದ್ದೇ ತಪ್ಪಾಯಿತು ಎಂದು ನನ್ನ ಕಾಲು ಹಿಡಿದು ಅತ್ತಳು. ನಲವತ್ತು ಜನರಿಗೆ ಅಕ್ಷರ ಕಲಿಸಿದ್ದೇನೆ, ಇಂಥ ಮಾತು ಕೇಳಿರಲಿಲ್ಲ.

ಮೇ ಎಂಟಕ್ಕೆ, ಭಾನುವಾರ, ವಾಡೆಯ ಮುಂದೆ ಸಭೆ. ಶೇಖಿ ಬಂದು ಹೊಸ್ತಿಲಿಗೆ ಹಣೆ ಹಚ್ಚಿ ತಪ್ಪಾಯಿತು ಅನ್ನಬೇಕಂತೆ. ಇಲ್ಲವಾದರೆ ನಮ್ಮ ಓಣಿಯ ಯಾರಿಗೂ ಈ ವರ್ಷ ಬಿತ್ತಿಗೆಯ ಕೆಲಸವಿಲ್ಲ.

ಅದಕ್ಕೆ ಒಂದೇ ದಾರಿ ಕಾಣುತ್ತಿದೆ. ಕಂಪನಿಯ ಮುದ್ರೆ ಇರುವ ಕಾಗದದ ಮೇಲೆ ಬರೆಸಿ ಕಳಿಸು. ಆ ಕೈ ಮುಂಬಯಿಯ ಯಾರೋ ಕಲಾವಿದೆಯದು, ಅಕ್ಷರ ಬಣ್ಣದಿಂದ ಬರೆದದ್ದು ಎಂದು. ಇಲ್ಲಿ ಒಪ್ಪುತ್ತಾರೆ. ಒಪ್ಪಬೇಕೆಂದೇ ಕಾಯುತ್ತಿದ್ದಾರೆ. ಬಾವಿ ಕೆಟ್ಟಿತು ಎಂಬ ಮಾತು ವಾಡೆಗೂ ಭಾರವಾಗಿದೆ.

ನಾನು ನಕ್ಕಿದ್ದು ನಿಜ. ಅದನ್ನು ಬರೆದು ತೋರಿಸಬೇಕಿರಲಿಲ್ಲ.

ಮೈಲಾರಪ್ಪ


ಮುಂಬಯಿ
19-4-1988

ಮೈಲಾರಿ,

ಜೊತೆಗಿರುವ ಕಾಗದ ನೋಡು. ಪ್ರೊಡಕ್ಷನ್ ಮ್ಯಾನೇಜರರ ಸಹಿ, ಗುಂಡು ಮುದ್ರೆ, ತಾರೀಖು ಎಲ್ಲ ಇದೆ. ನಾನು ಮೂರು ದಿನ ಕಾಯಬೇಕಾಗಬಹುದು ಎಂದುಕೊಂಡಿದ್ದೆ. ಚಹ ಕುಡಿದು ಮುಗಿಸುವಷ್ಟರಲ್ಲಿ ಟೈಪಾಗಿ ಬಂತು. ಅವರಿಗೂ ಇದು ಬೇಕಾಗಿತ್ತು. ಪತ್ರಿಕೆಯವರಿಗೆ ಉತ್ತರ ಕೊಡಬೇಕಲ್ಲ. ‘ಕಲಾತ್ಮಕ ಅಲಂಕಾರ’ ಎಂದು ಬರೆದಿದ್ದಾರೆ. ಕಲಾವಿದೆಯ ಹೆಸರು ಏನು ಹಾಕೋಣ ಎಂದು ಮ್ಯಾನೇಜರು ನನ್ನನ್ನೇ ಕೇಳಿದರು. ಹಿಂದಿನ ದಿನ ಊಟ ತಂದುಕೊಟ್ಟ ಹೆಂಗಸಿನ ಹೆಸರು ಹೇಳಿದೆ. ಅದನ್ನೇ ಹಾಕಿದರು.

ನೀನು ಕೇಳಿದ್ದನ್ನು ಮಾಡಿದ್ದೇನೆ. ಈಗ ನನ್ನ ಸಿಟ್ಟನ್ನೂ ತೆಗೆದುಕೊ.

ಸವಣೂರಿನ ಹೈಸ್ಕೂಲಿನಲ್ಲಿ ಓದುವಾಗ ಮೂರು ವರ್ಷ ನೀನು ನಮ್ಮ ಮನೆಯಲ್ಲಿ ಉಂಡೆ. ಖಾರದ ಅಂಗಡಿ ಮುಚ್ಚಿ ಬಂದು ಅಮ್ಮ ನಿನಗೂ ನನಗೂ ಒಂದೇ ತಟ್ಟೆಯಲ್ಲಿ ಹಾಕುತ್ತಿದ್ದಳು. ಆಗ ನೀನು ಏನೇನು ಮಾತಾಡುತ್ತಿದ್ದೆ! ಮಾಸ್ತರನಾಗುತ್ತೇನೆ, ಊರಿಗೆ ಹೋಗಿ ಆ ಬಾವಿಕಟ್ಟೆಯ ಮೇಲೆ ನಿಂತು ನೀರು ಕುಡಿಯುತ್ತೇನೆ ಅನ್ನುತ್ತಿದ್ದೆ. ಈಗ ಮಾಸ್ತರನಾಗಿದ್ದೀಯ, ಮನೆಯಲ್ಲಿ ಬುದ್ಧನ ಪಟ ಹಾಕಿದ್ದೀಯ. ನಿನ್ನ ಹೆಸರನ್ನು ಮೈಮೇಲೆ ಬರೆಸಿಕೊಂಡವಳ ಕೈ ಅವಳದಲ್ಲ ಎಂದು ಸುಳ್ಳು ಕಾಗದ ತರಿಸಿಕೊಳ್ಳುತ್ತಿದ್ದೀಯ. ನಾನು ಹೇಡಿ, ಸರಿ. ಜೊತೆಗೆ ಇನ್ನೊಬ್ಬ ಸಿಕ್ಕಿದ.

ಕಾಗದ ಮುಟ್ಟಿದ್ದಕ್ಕೆ ಎರಡು ಸಾಲು ಬರೆ. ಬೇರೆ ಏನೂ ಬರೆಯಬೇಡ.

ಇಸಾಕ


ಊರಿನಿಂದ
10-5-1988

ಇಸಾಕಣ್ಣನಿಗೆ ಶೇಖವ್ವ ಬರೆಯುವುದು.

ನಿಮ್ಮ ವಿಳಾಸವನ್ನು ಅಣ್ಣನ ಚೀಲದಲ್ಲಿದ್ದ ಪತ್ರದಿಂದ ತೆಗೆದುಕೊಂಡೆ. ಪತ್ರಗಳನ್ನೂ ಓದಿದೆ. ಏಳನೆಯ ಇಯತ್ತೆಯವರೆಗೆ ಓದಿದವಳು ನಾನು, ನೀವಿಬ್ಬರೂ ಅದನ್ನು ಮರೆತ ಹಾಗಿದೆ. ಎರಡು ತಿಂಗಳಿಂದ ನನ್ನ ಕೈಯ ಬಗ್ಗೆ ಬರೆದುಕೊಂಡಿದ್ದೀರಿ. ಲೇಪ ಕರಗಿತು, ರೋಲು ಮುಗಿಯಿತು, ತಪ್ಪು ನಿನ್ನದು, ತಪ್ಪು ನನ್ನದು. ಕೈ ಯಾರದೋ ಅವಳನ್ನು ಒಬ್ಬರೂ ಕೇಳಲಿಲ್ಲ. ಅದಕ್ಕೇ ನಾನೇ ಬರೆಯುತ್ತೇನೆ.

ಲೇಪ ಬೆವರಿಗೆ ಕರಗಲಿಲ್ಲ. ನಾನು ಒರೆಸಿದೆ.

ಆ ದಿನ ಎಷ್ಟು ಸಲ ಸೇದಿಸಿದಿರಿ ನೆನಪಿದೆಯೇ? ನೀವು ಒಂಬತ್ತು ಎಂದು ಬರೆದಿದ್ದೀರಿ. ಅದು ಕ್ಯಾಮೆರಾದ ಲೆಕ್ಕ. ಅಭ್ಯಾಸಕ್ಕೆ ಸೇದಿದ್ದು ಸೇರಿ ಹತ್ತೊಂಬತ್ತು ಕೊಡ. ಪ್ರತಿ ಸಲ ತುಂಬಿದ ಕೊಡ ಮೇಲೆ ಬಂದ ಮೇಲೆ ಮತ್ತೆ ಬಾವಿಗೇ ಸುರಿ ಅನ್ನುತ್ತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಆ ನಟಿ ನೆರಳಿಗೆ ಕುಳಿತಿದ್ದಳು. ವಾಡೆಯ ಅಮ್ಮನವರು ನಾನು ಸೇದಿದ ಕೊಡದಿಂದಲೇ ಬೆಳ್ಳಿ ಲೋಟ ತುಂಬಿ ಆಕೆಗೆ ಕೊಟ್ಟರು. ನನಗೆ ಗಂಟಲು ಒಣಗಿತ್ತು. ನಿಮ್ಮ ಹತ್ತಿರ ಬಂದು ಸೆರಗಿನೊಳಗಿಂದಲೇ ಕೇಳಿದೆ.

“ಇಸಾಕಣ್ಣಾ, ಒಂದ ಗುಟುಕ ಕುಡೀತೇನ್ರಿ.”

ನೀವು ಆಚೀಚೆ ನೋಡಿ ಪಿಸುಗುಟ್ಟಿದಿರಿ. “ಬ್ಯಾಡ ತಂಗಿ, ಸೆರಗ ಸರದ್ರ ಮಾರಿ ಕಾಣತೈತಿ. ಸೇದು, ಕುಡೀಬ್ಯಾಡ.”

ಸೇದು, ಕುಡಿಯಬೇಡ. ನೀವು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಆದರೆ ನನ್ನ ಮೈ ಉರಿದುಹೋಯಿತು. ಹಗ್ಗದ ಆಚೆ ನಿಂತು ಅಣ್ಣ ನಗುತ್ತಿದ್ದ. ಊರೆಲ್ಲ ನಿಂತು ನೋಡುತ್ತಿತ್ತು. ನಾನು ಅವರ ಬಾವಿಯ ನೀರು ಸೇದುತ್ತಿದ್ದೆ, ಅವರು ಯಾರನ್ನೋ ನೋಡುತ್ತಿದ್ದರು. ನೀವು ಜೀಪಿನ ಕಡೆ ಹೋದಾಗ ಕೊಡದ ನೀರಿನಲ್ಲಿ ಸೆರಗಿನ ತುದಿ ಅದ್ದಿ ಮುಂಗೈ ಉಜ್ಜಿಕೊಂಡೆ. ಕಾಣಲಿ ಎಂದೇ ಉಜ್ಜಿಕೊಂಡೆ. ಇಷ್ಟೆಲ್ಲ ಆಗುತ್ತದೆ ಎಂದು ಗೊತ್ತಿತ್ತೇ ಎಂದು ಕೇಳಿದರೆ, ಗೊತ್ತಿರಲಿಲ್ಲ. ಟೀವಿಯಲ್ಲಿ ಬಂದ ದಿನ ಹೆದರಿ ಕೈ ಮುಚ್ಚಿಕೊಂಡೆ, ಅದೂ ನಿಜ. ಆ ಹೆದರಿಕೆಯ ಮೇಲೆಯೇ ನನಗೆ ಈಗ ಹೆಚ್ಚು ಸಿಟ್ಟು.

ಮೊನ್ನೆ ಸಭೆ ಆಯಿತು. ಧಣಿ ಕುರ್ಚಿಯ ಮೇಲೆ, ಮೇಲೋಣಿಯವರು ಜಗಲಿಯ ಮೇಲೆ, ನಾವು ಕೆಳಗೆ. ಅಣ್ಣ ನಿಮ್ಮ ಕಾಗದ ಬಿಚ್ಚಿ, ಶಾಲೆಯಲ್ಲಿ ಪಾಠ ಓದುವ ಹಾಗೆ ಓದಿದ. ಇಂಗ್ಲಿಷಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಜಗಲಿಯ ಮೇಲಿದ್ದವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಸುಳ್ಳೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಬೇಕು.

ಧಣಿ ಹೇಳಿದರು, “ಹಂಗಾದ್ರ ಮುಗೀತು ಬಿಡ್ರಿ. ಮಾಸ್ತರ ಸಿಕ್ಕಾ ಹೊಡದ ಕಾಗದ ತಂದಾನ. ಚೌಡವ್ವಗ ಕಣ್ಣ ಸರಿ ಕಾಣೂದಿಲ್ಲ. ಎದ್ದ ಹೋಗ್ರಿ ಎಲ್ಲಾರೂ.”

ಚೌಡವ್ವನ ಮುಖ ನೋಡಬೇಕಿತ್ತು ನೀವು. ಅರವತ್ತು ದಾಟಿದ ಮೇಲೆ ಓದು ಕಲಿತವಳು. ಸರಿಯಾಗಿಯೇ ಓದಿದ್ದಳು. ಆಕೆ ತಲೆ ಬಗ್ಗಿಸಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಆಕಿ ಕಣ್ಣ ಸರಿ ಅದಾವ್ರಿ. ಆ ಕೈ ನಂದರಿ.”

“ಶೇಖಿ, ಸುಮ್ನ ಕೂಡು,” ಎಂದು ಅಣ್ಣ ಹಲ್ಲು ಕಚ್ಚಿ ಹೇಳಿದ.

ನಾನು ಬಳೆ ಮೇಲಕ್ಕೆ ಸರಿಸಿ ಕೈ ಎತ್ತಿ ತೋರಿಸಿದೆ. “ಕಾಗದ ಸುಳ್ಳ ಐತ್ರಿ. ಕೈ ಖರೇ ಐತ್ರಿ. ಬಾವೀನ ನಾನ ಸೇದೇನಿ. ಹತ್ತೊಂಬತ್ತ ಕೊಡಾ ಸೇದೇನಿ. ನಿಮ್ಮನಿ ಅಮ್ಮಾರು ನಾ ಸೇದಿದ ನೀರ ಬೆಳ್ಳಿ ಲೋಟದಾಗ ಹಾಕಿ ಕೊಟ್ಟಾರು. ಯಾರಿಗೆ ಏನಾಗೇತಿ? ಹೇಳ್ರಿ, ಯಾರ ಸತ್ತಾರ?”

ಧಣಿ ಮುಖ ಕೆಂಪಾಗಿ, “ಏ ಮಾಸ್ತರ, ಹೊಸ್ತಿಲಕ್ಕ ಹಣಿ ಹಚ್ಚಸ್ತೀಯೋ ಇಲ್ಲೋ ಈಕೀನ?” ಎಂದು ಗುಡುಗಿದರು. ಅಣ್ಣ ಕಾಗದವನ್ನು ಜಗಲಿಯ ಅಂಚಿಗಿಟ್ಟು ಹಿಂದೆ ಸರಿದ. ಆಗ ನನ್ನ ಗಂಡ ಎದ್ದ. ಅವನು ದಿನಕ್ಕೆ ನಾಲ್ಕು ಮಾತು ಆಡುವವನು. ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತ.

“ಆ ಕೈ ನನ್ನ ಹೇಂತೀದ ಐತ್ರಿ. ಹತ್ತ ವರ್ಷ ನಿಮ್ಮ ಹೊಲದಾಗ ಕಳೇವು ತಗದೈತಿ. ಆವಾಗ ಗುರ್ತ ಹಿಡೀಲಿಲ್ಲೇನ್ರಿ? ನಡಿ ಶೇಖಿ.”

ಹಣೆ ಹಚ್ಚದೆ ಬಂದೆವು. ಅಣ್ಣ ನಮ್ಮ ಮನೆಗೆ ಬರದೆ, ಅಲ್ಲಿಂದಲೇ ಚೀಲ ಮರೆತು ಬಸ್‌ಸ್ಟಾಂಡಿಗೆ ನಡೆದ.

ಹಾನಗಲ್ಲಿಗೆ ಹೋಗಿ ಅರ್ಜಿ ಕೊಡಬೇಕೆಂದಿದ್ದೇವೆ. ಇಂಥದ್ದಕ್ಕೆ ಕಾಯ್ದೆ ಇದೆ ಎಂದು ಹುಸೇನಸಾಬರು ಹೇಳಿದರು. ಆದರೆ ಧಣಿಯ ಹತ್ತಿರ ಈಗ ಕಂಪನಿಯ ಕಾಗದ ಇದೆ. ಅಣ್ಣ ಅದನ್ನು ಅಲ್ಲಿಯೇ ಬಿಟ್ಟು ಹೋದ. ಸಿಕ್ಕಾ ಹೊಡೆದ ಸುಳ್ಳಿನ ಮುಂದೆ ನನ್ನ ಕೈ ಒಂದೇ ಸಾಲದು. ನೀವು ತೆಗೆದ ಫೋಟೋಗಳಲ್ಲಿ ನನ್ನ ಮುಖ, ಬಾವಿ ಎರಡೂ ಕಾಣುವಂಥದ್ದು ಒಂದಾದರೂ ಇರಲೇಬೇಕು. ಅದನ್ನು ಕಳಿಸಿ. ಕಳಿಸುವ ಧೈರ್ಯವಿಲ್ಲವಾದರೆ ಇಲ್ಲ ಎಂದು ನನಗೇ ಬರೆಯಿರಿ, ಅಣ್ಣನಿಗಲ್ಲ.

ಶೇಖವ್ವ


ಹಿರೇಕೆರೂರು
12-5-1988

ಇಸಾಕ್,

ಶೇಖಿ ನಿನಗೆ ಪತ್ರ ಹಾಕಿದ್ದಾಳೆಂದು ಉಡಚಪ್ಪ ಹೇಳಿದ. ಫೋಟೋ ಕಳಿಸಬೇಡ. ಕಳಿಸಿದರೆ ಅವರು ಮನೆಗೆ ಬೆಂಕಿ ಇಡುತ್ತಾರೆ. ಆಗ ಬಂದು ಅದರ ಫೋಟೋ ತೆಗೆ.

ಊರಲ್ಲಿ ಮುಖ ಎತ್ತಿ ನಡೆಯುವ ಹಾಗೆ ಇಪ್ಪತ್ತು ವರ್ಷ ಕಷ್ಟಪಟ್ಟು ಮಾಡಿಕೊಂಡಿದ್ದೆ. ಅವಳು ಎದ್ದು ನಿಂತು ಎಲ್ಲರ ಮುಂದೆ ನನ್ನನ್ನು ಸುಳ್ಳ ಎಂದಳು. ಸುಳ್ಳನೇ ಆಗಿದ್ದೆ ಎಂಬುದು ಬೇರೆ ಮಾತು.

ಮೈಲಾರಪ್ಪ


ಸವಣೂರು
4-6-1988

ತಂಗಿ ಶೇಖವ್ವನಿಗೆ,

ಮೇಲೆ ಬರೆದ ಊರಿನ ಹೆಸರು ನೋಡಿರಬೇಕು. ಮುಂಬಯಿ ಬಿಟ್ಟು ಬಂದಿದ್ದೇನೆ.

ನಿನ್ನ ಪತ್ರ ಬಂದ ದಿನ ಫೋಟೋದ ಪೆಟ್ಟಿಗೆ ತೆಗೆದು ಕುಳಿತೆ. ಒಂದು ಸಿಕ್ಕಿತು, ಎಂಟನೆಯ ಟೇಕಿಗೆ ಮೊದಲು ತೆಗೆದದ್ದು. ನೀನು ಕೊಡವನ್ನು ಬಾವಿಗೆ ಬಗ್ಗಿಸಿ ಸುರಿಯುತ್ತಿದ್ದೀಯ. ಗಾಳಿಗೆ ಸೆರಗು ಹಿಂದಕ್ಕೆ ಹಾರಿದೆ. ಮುಖ ಪೂರ್ತಿ ಕಾಣುತ್ತದೆ, ಬಾವಿ ಕಾಣುತ್ತದೆ, ಹಿಂದೆ ವಾಡೆಯ ಕಂಬಗಳು. ಹಿಂಬದಿಗೆ ನನ್ನದೇ ಅಕ್ಷರದಲ್ಲಿ ತಾರೀಖು, ನಂಬರು ಇದೆ. ಇಂಥ ಫೋಟೋ ಕಂಪನಿಗೆ ಸೇರಿದ್ದು, ಹೊರಗೆ ಕೊಡುವಂತಿಲ್ಲ ಎಂದು ಮ್ಯಾನೇಜರು ಕೈ ಅಡ್ಡ ಹಿಡಿದರು. ನಾನು ಅದನ್ನು ಅಂಗಿಯ ಒಳಗೆ ಹಾಕಿಕೊಂಡೆ. ಹೊರಗೆ ಹೋದರೆ ಮತ್ತೆ ಒಳಗೆ ಬರಬೇಡ ಎಂದರು. ಬರಲಿಲ್ಲ.

ನೀನು ನೀರು ಕೇಳಿದ್ದು ನೆನಪಿದೆ. ಮರೆತಿದ್ದೆ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ಎಮ್ಮೆಯ ಕೋಡು, ಮುನ್ಶಿಯ ಗಡಿಯಾರ, ಅವಕ್ಕೆಲ್ಲ ಬೈಸಿಕೊಂಡೆ. ಇದಕ್ಕೆ ಯಾರೂ ಬೈದಿರಲಿಲ್ಲ, ನೀನು ಬೈಯುವವರೆಗೆ.

ಅಮ್ಮನಿಗೆ ಎಲ್ಲ ಹೇಳಿದೆ. ಖಾರದ ಡಬ್ಬಿ ಕೆಳಗಿಟ್ಟು, “ಹೋಗಿ ಇದ್ದದ್ದ ಇದ್ದಂಗ ಹೇಳಿ ಬಾ. ಹೇಳದ ಬಂದ್ರ ಈ ಮನ್ಯಾಗ ನಿನಗ ರೊಟ್ಟಿ ಇಲ್ಲ,” ಎಂದಳು. ನನ್ನ ತಾಯಿ ಗೌಸಬಿಯ ಮಾತು ಎಂಥದೆಂದು ನಿನ್ನ ಅಣ್ಣನನ್ನು ಕೇಳು, ಅವನೂ ಆ ರೊಟ್ಟಿ ತಿಂದವನೇ.

ಫೋಟೋ ಅಂಚೆಯಲ್ಲಿ ಹಾಕುವುದಿಲ್ಲ. ಇದೇ ಹದಿಮೂರಕ್ಕೆ, ಸೋಮವಾರ, ಹಾನಗಲ್ಲಿನ ತಹಶೀಲ್ದಾರರ ಕಚೇರಿಯ ಮುಂದೆ ಹತ್ತು ಗಂಟೆಗೆ ಇರುತ್ತೇನೆ. ಸಾಕ್ಷಿಯಾಗಿ ನನ್ನ ಹೆಸರು ಬರೆಸು. ಆ ಕಾಗದದ ಸುಳ್ಳು ಹೆಸರು ಹೇಳಿದವನೂ ನಾನೇ ಎಂದು ಹೇಳುತ್ತೇನೆ.

ಇಸಾಕ


ಊರಿನಿಂದ
21-8-1988

ಇಸಾಕಣ್ಣನಿಗೆ,

ನೀವು ಹಾನಗಲ್ಲಿನಲ್ಲಿ ಸಾಕ್ಷಿ ಹೇಳಿ ಸವಣೂರಿನ ಬಸ್ಸು ಹತ್ತಿದ ಮೇಲೆ ಏನಾಯಿತೆಂದು ತಿಳಿಸಲು ತಡವಾಯಿತು. ಎರಡು ತಿಂಗಳು ತಿಳಿಸುವಂಥದ್ದೇನೂ ಆಗಲಿಲ್ಲ. ಬಿತ್ತಿಗೆಗೆ ನಮ್ಮನ್ನು ಯಾರೂ ಕರೆಯಲಿಲ್ಲ. ನನ್ನ ಗಂಡ ಶಿಗ್ಗಾಂವಿಯ ಕಡೆ ರಸ್ತೆಯ ಕೆಲಸಕ್ಕೆ ಹೋದ. ಮನೆಗೆ ಬೆಂಕಿ ಬೀಳಲಿಲ್ಲ. ಬೀಳುತ್ತದೆ ಎಂದು ನಮ್ಮ ಓಣಿಯವರು ಹೇಳುತ್ತಲೇ ಇದ್ದರು.

ಹೋದ ಬುಧವಾರ ತಹಶೀಲ್ದಾರರು, ಪೊಲೀಸ್ ಸಾಹೇಬರು ಬಂದರು. ಧಣಿ ಇದು ನಮ್ಮ ಖಾಸಗಿ ಬಾವಿ ಎಂದರು. ಅರ್ಧ ಊರು ಸೇದುತ್ತದೆ ಎಂದ ಮೇಲೆ ಖಾಸಗಿ ಹೇಗಾಗುತ್ತದೆ ಎಂದು ತಹಶೀಲ್ದಾರರು ಕೇಳಿದರು. ಧಣಿ ಕಂಪನಿಯ ಕಾಗದ ತೋರಿಸಿದರು. ಆಗ ತಹಶೀಲ್ದಾರರು ನೀವು ಕೊಟ್ಟ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಧಣಿ ಅದನ್ನು ಎತ್ತಿ, ಹಿಂಬದಿಯ ತಾರೀಖನ್ನೂ ಓದಿದರು. ಆಮೇಲೆ ಯಾರೂ ಅಡ್ಡಿ ಮಾಡುವುದಿಲ್ಲ ಎಂದು ಸಹಿ ಹಾಕಿದರು.

ಅಣ್ಣ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಆದರೆ ಹಾನಗಲ್ಲಿನಲ್ಲಿ ಕೊಟ್ಟ ಅರ್ಜಿಯನ್ನು ಬರೆದವನು ಅವನೇ. ಹಿಂದಿನ ದಿನ ನನ್ನ ಗಂಡನ ಕೈಯಲ್ಲಿ ಕೊಟ್ಟು ಹೋಗಿದ್ದ. ಎರಡು ಪುಟ, ಒಂದು ಚಿತ್ತೂ ಇಲ್ಲ. ‘ನನ್ನ ಹೆಸರನ್ನು ಕೈಯ ಮೇಲೆ ಹೊತ್ತ ನನ್ನ ತಂಗಿ’ ಎಂದು ಒಂದು ಕಡೆ ಬರೆದು, ಆಮೇಲೆ ಕೆಳಗೆ ತನ್ನ ಸಹಿಯನ್ನೂ ಹಾಕಿದ್ದ. ಸಿಟ್ಟು ನನಗೂ ಹೋಗಿಲ್ಲ. ಆ ಅರ್ಜಿಯ ನಕಲು ಮಾತ್ರ ಇಟ್ಟುಕೊಂಡಿದ್ದೇನೆ.

ಮರುದಿನ ನೀರಿಗೆ ಹೋಗುವುದೆಂದು ಆಯಿತು. ಓಣಿಯ ಹನ್ನೊಂದು ಹೆಂಗಸರು ಬರುತ್ತೇವೆ ಎಂದಿದ್ದರು. ಹೊರಟಾಗ ನಾವು ಮೂವರು, ನಾನು, ಚೌಡವ್ವ, ಕರೆವ್ವ. ಬಾಗಿಲು ತೆರೆದಿತ್ತು. ಮೇಲೋಣಿಯವರು ಒಬ್ಬರೂ ಇರಲಿಲ್ಲ. ಸೇದಿ, ಮೊದಲ ಕೊಡ ಕಟ್ಟೆಯ ಮೇಲಿಟ್ಟು, ಬೊಗಸೆ ತುಂಬಿಕೊಂಡು ಕುಡಿದೆ. ಬಾಯಿಗೆ ಹಿಡಿಸಲಿಲ್ಲ. ಸವಳು. ಚೌಡವ್ವ ಕುಡಿದು ಉಗುಳಿದಳು.

ವಾಡೆಯಲ್ಲಿ ಅಡುಗೆ ಮಾಡುವ ಸರೋಜವ್ವ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದವಳು ಹತ್ತಿರ ಬಂದಳು. ಮೆಲ್ಲಗೆ ಹೇಳಿದಳು.

“ಈ ನೀರಾಗ ಬ್ಯಾಳಿ ಬೇಯೂದಿಲ್ಲ ತಂಗಿ. ಇಪ್ಪತ್ತ ವರ್ಷಾತು. ನಾವೂ ಅಡಗೀಗೆ ಹಳ್ಳದ ನೀರ ತರಸ್ತೇವಿ, ನಸಿಕಿನ್ಯಾಗ ಬಂಡಿ ಮ್ಯಾಲ ಬ್ಯಾರಲ್ ಬರತೈತಿ. ವಾಡೇದ ಮರ್ಯಾದಿ ಹೋಗತೈತಿ ಅಂತ ಯಾರೂ ಬಾಯಿ ಬಿಡೂದಿಲ್ಲ.”

ನನಗೆ ನಗು ಬರಲಿಲ್ಲ, ಇಸಾಕಣ್ಣ. ಕರೆವ್ವ ನಕ್ಕಳು. ಸಂಜೆ ಬಂದ ಗಂಡನಿಗೆ ಹೇಳಿದರೆ ಅವನೂ ನಕ್ಕ. ನನಗೆ ಮಾತ್ರ ಆ ಬಾವಿಯೊಳಗೆ ಕಲ್ಲು ಹಾಕಬೇಕೆನ್ನಿಸಿತು. ಈ ನೀರಿಗಾಗಿ ನಮ್ಮ ಅವ್ವ ಜೀವಮಾನವೆಲ್ಲ ಆ ಗೋಡೆಯಿಂದ ದೂರ ಸರಿದು ನಡೆದಳು. ಇದನ್ನು ಕಾಯಲು ಹೋಮ ಮಾಡಿಸಿದರು.

ಹಟಕ್ಕೆ ಅದೇ ನೀರಿನಲ್ಲಿ ತೊಗರಿಬೇಳೆ ಇಟ್ಟೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದವರೆಗೂ ಹಾಗೆಯೇ ಇತ್ತು. ಚೆಲ್ಲಿದೆ.

ಮರುದಿನ ಮತ್ತೆ ಹೋದೆ. ಕರೆವ್ವ ಯಾಕ ಬೇಕವ್ವ ಎಂದಳು. ದಿನಾ ಹೋಗುತ್ತೇನೆ, ಎರಡು ಕೊಡ. ಪಾತ್ರೆ ತೊಳೆಯುತ್ತೇನೆ, ಅಂಗಳಕ್ಕೆ ಚಿಮುಕಿಸುತ್ತೇನೆ. ಬೇಳೆಗೆ ಹಳ್ಳದ ನೀರೇ.

ಶೇಖವ್ವ